ಸೈನೈಡ್ ದಿಬ್ಬದ ಧೂಳು, ಕರುಳಿನ ಗರಡಿ

ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನಲ್ಲಿ ಗಾಳಿ ಎದ್ದರೆ ದಿಬ್ಬದ ಪಕ್ಕದ ಮನೆಗಳ ಕಿಟಕಿ ಪಟಪಟನೆ ಮುಚ್ಚುತ್ತವೆ. ಗಣಿ 2001ರಲ್ಲೇ ನಿಂತಿತು. ಚಿನ್ನ ತೆಗೆದುಳಿದ ನುಣ್ಣನೆಯ ಪುಡಿಯ ‘ಸೈನೈಡ್ ದಿಬ್ಬ’ಗಳು ಮಾತ್ರ ಹಾಗೇ ಇವೆ.

ಈ ಧೂಳಿನ ಊರಲ್ಲಿ ಕೆಮ್ಮಿದವರಿಗೆಲ್ಲ ಅಲರ್ಜಿ ಎನ್ನುವಂತಿಲ್ಲ. ಗಣಿಯೊಳಗೆ ಸಿಲಿಕಾ ಧೂಳು ಕುಡಿದವರ ಸಿಲಿಕೋಸಿಸ್ ಬೇರೆ, ಆಸ್ತಮಾ ಬೇರೆ.

ಆಸ್ತಮಾದ ಬೇರು ಹುಡುಕುವವರು ಈಗ ಕರುಳಿನತ್ತಲೂ ನೋಡುತ್ತಿದ್ದಾರೆ. ಸಣ್ಣ ಕರುಳಿನ ಗೋಡೆಯಲ್ಲಿ ‘ಪೇಯರ್ ತೇಪೆ’ ಎಂಬ ದುಗ್ಧರಸ ಅಂಗಾಂಶದ ಗಂಟುಗಳಿವೆ. ಇವನ್ನು 1677ರಲ್ಲಿ ಸ್ವಿಸ್ ವೈದ್ಯ ಯೋಹಾನ್ ಪೇಯರ್ ವಿವರಿಸಿದ್ದು. ಯಾವ ಸೂಕ್ಷ್ಮಜೀವಿ ನೆಂಟ, ಯಾವುದು ಕಳ್ಳ ಎಂದು ರಕ್ಷಣಾಕೋಶಗಳು ಕಲಿಯುವ ಗರಡಿ ಇದು. ಪಳಗಿದ ಕೋಶಗಳು ರಕ್ತದಲ್ಲಿ ತೇಲಿ ಶ್ವಾಸಕೋಶಕ್ಕೂ ಹೋಗುತ್ತವೆ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ತೇಪೆಗಳು ಬಡಕಲಾಗಿಯೇ ಉಳಿಯುತ್ತವೆ. ಉಸಿರುನಾಳದ ಅಲರ್ಜಿಯೋ, ಜೋರು.

ಹಾಗಂತ ನೆಂಟ ಸೂಕ್ಷ್ಮಜೀವಿಗಳಿರುವ ಮೊಸರು ಉಂಡು ಆಸ್ತಮಾ ಓಡಿಸಲಾಗದು. ಪಕ್ಕದ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತುವ ರೋಗಿಯ ಜೇಬಿನಲ್ಲಿ ಇನ್ಹೇಲರ್ ಇರಲೇಬೇಕು.