ಅಪಘಾತ ಪರಿಹಾರದ ಹಣ ಮತ್ತು ಆಸ್ಪತ್ರೆಯ ಬಾಕಿ

ರಸ್ತೆ ಅಪಘಾತದಲ್ಲಿ ಗಾಯಗೊಂಡವರ ಕುಟುಂಬಕ್ಕೆ ಆಸ್ಪತ್ರೆಯ ಬಿಲ್ಲು ಕೂಡಲೇ ಎದುರಾಗುತ್ತದೆ. ಪರಿಹಾರ ಕೈಸೇರುವುದು ಬಹಳ ತಡವಾಗಿ. ಈ ನಡುವೆ, ‘ಪರಿಹಾರ ಬಂದೊಡನೆ ಮೊದಲು ಆಸ್ಪತ್ರೆಗೆ ಸಲ್ಲಿಸುತ್ತೇವೆ’ ಎಂಬ ಮುಚ್ಚಳಿಕೆಗೆ ಸಹಿ ಇಲ್ಲವೇ ಹೆಬ್ಬೆಟ್ಟು ಕೇಳಿದರೆ ಏನು ಮಾಡಬೇಕೆಂಬುದು ಅನೇಕರಿಗೆ ತಿಳಿದಿಲ್ಲ.

ಅಮೆರಿಕದ ಹಲವು ರಾಜ್ಯಗಳಲ್ಲಿ ಗಾಯಾಳುವಿಗೆ ದೊರೆಯುವ ಪರಿಹಾರದ ಮೇಲೆ ಚಿಕಿತ್ಸೆ ನೀಡಿದ ಆಸ್ಪತ್ರೆಗೆ ಕಾನೂನೇ ನೇರ ಹಕ್ಕನ್ನು ನೀಡಿದೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಶೇ. 50ರ ಮಿತಿಯಿದೆ. ನಮ್ಮ ಮೋಟಾರು ವಾಹನಗಳ ಅಧಿನಿಯಮ, 1988ರಲ್ಲಿ ಇಂತಹ ಹಕ್ಕು ಇಲ್ಲ. ನ್ಯಾಯಮಂಡಳಿ ಮಂಜೂರು ಮಾಡುವ ಪರಿಹಾರ ಗಾಯಾಳುವಿನದು. ಆಸ್ಪತ್ರೆಯು ಇತರ ಸಾಲಿಗರಂತೆ ಒಬ್ಬ ಸಾಲಿಗ ಮಾತ್ರ. ನಷ್ಟಪರಿಹಾರಕ್ಕಾಗಿ ದಾವೆ ಹೂಡುವ ಹಕ್ಕನ್ನಷ್ಟೇ ಮತ್ತೊಬ್ಬರಿಗೆ ವರ್ಗಾಯಿಸಲು ಸ್ವತ್ತು ವರ್ಗಾವಣೆ ಅಧಿನಿಯಮದ 6ನೇ ಪ್ರಕರಣವು ಅವಕಾಶ ನೀಡುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಪ್ರಕರಣದಂತೆ ಆ ಹಕ್ಕನ್ನು ಜಪ್ತಿ ಮಾಡಲೂ ಬರುವುದಿಲ್ಲ. ಆದರೆ ಬಾಕಿ ಮನ್ನಾ ಆಯಿತೆಂದು ಇದರ ಅರ್ಥವಲ್ಲ. ನ್ಯಾಯಯುತ ಬಾಕಿಗಾಗಿ ಆಸ್ಪತ್ರೆಯು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಆದುದರಿಂದ ಓದಿ ತಿಳಿಯದ ಮುಚ್ಚಳಿಕೆಗೆ, ವಿಶೇಷವಾಗಿ ಖಾಲಿ ಕಾಗದಕ್ಕೆ, ಸಹಿ ಹಾಕಕೂಡದು.

ಹೆಚ್ಚಿನ ತೊಂದರೆ ಒದಗುವುದು ದಾಖಲೆಗಳ ವಿಷಯದಲ್ಲಿ. ವೈದ್ಯಕೀಯ ವೆಚ್ಚವನ್ನು ನ್ಯಾಯಮಂಡಳಿಯು ಬಿಲ್ಲು, ರಶೀದಿ, ಔಷಧ ಚೀಟಿ, ಡಿಸ್ಚಾರ್ಜ್ ಪತ್ರ ಮತ್ತು ಗಾಯದ ಪ್ರಮಾಣಪತ್ರಗಳನ್ನು ನೋಡಿ ನಿರ್ಧರಿಸುತ್ತದೆ. ಬಾಕಿಯ ನೆಪದಿಂದ ಇವು ಆಸ್ಪತ್ರೆಯಲ್ಲಿಯೇ ಉಳಿದರೆ ಪರಿಹಾರವೇ ಕುಗ್ಗುತ್ತದೆ. ಪರಿಹಾರ ಕುಗ್ಗಿದರೆ ಬಾಕಿ ತೀರುವ ದಾರಿಯೂ ಮುಚ್ಚುತ್ತದೆ. ರೋಗಿ ಅಥವಾ ಆತನ ಅಧಿಕೃತ ಪ್ರತಿನಿಧಿ ಕೋರಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ನೀಡಬೇಕೆಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಹೇಳುತ್ತದೆ. ಕೋರಿಕೆ ಲಿಖಿತವಾಗಿರಲಿ, ಅದಕ್ಕೆ ಸ್ವೀಕೃತಿಯನ್ನೂ ಪಡೆಯಲಿ. ಬಾಕಿಗಾಗಿ ರೋಗಿಯನ್ನು ಆಸ್ಪತ್ರೆಯಲ್ಲಿ ತಡೆದಿಡುವುದಾಗಲಿ, ಮೃತರ ದೇಹವನ್ನು ಒಪ್ಪಿಸದಿರುವುದಾಗಲಿ ಸಲ್ಲದು. ಇಂತಹ ದೂರುಗಳಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ಜಿಲ್ಲಾ ಮಟ್ಟದಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ.

ಬಾಕಿಯೇ ಬೆಳೆಯದಂತೆ ಮಾಡುವ ಅವಕಾಶವೂ ಈಗ ಉಂಟು. 2025ರ ಮೇ 5ರಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ಮೋಟಾರು ವಾಹನ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ಗರಿಷ್ಠ ರೂ. 1.5 ಲಕ್ಷದ ಚಿಕಿತ್ಸೆ ದೊರೆಯುತ್ತದೆ. ಮುಂಗಡ ಕಟ್ಟುವ ಮೊದಲೇ ಈ ಯೋಜನೆಯ ಬಗ್ಗೆ ವಿಚಾರಿಸಬೇಕು. ಡಿಸ್ಚಾರ್ಜ್ ದಿನ ಕೇಳಿದರೆ ತಡವಾದೀತು. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ತೀವ್ರ ಗಾಯಕ್ಕೆ ರೂ. 50,000, ಮರಣಕ್ಕೆ ರೂ. 2 ಲಕ್ಷ ಪರಿಹಾರ ನಿಗದಿಯಾಗಿದೆ.

ಅನಕ್ಷರಸ್ಥರು ಮತ್ತು ಅಪ್ರಾಪ್ತರ ಪರಿಹಾರವನ್ನು ನ್ಯಾಯಮಂಡಳಿಯು ಸಾಮಾನ್ಯವಾಗಿ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಇರಿಸುತ್ತದೆ. ಆ ಠೇವಣಿಯ ಮೇಲೆ ಸಾಲ ನೀಡಕೂಡದೆಂಬುದು ಸರ್ವೋಚ್ಚ ನ್ಯಾಯಾಲಯದ ಮಾರ್ಗಸೂಚಿ. ಮಧ್ಯವರ್ತಿಗಳು ಏನೇ ಹೇಳಲಿ, ಅದನ್ನು ಅಡವಿಡಲಾಗದು.

ಪರಿಹಾರದ ಅರ್ಜಿಯನ್ನು ಅಪಘಾತ ನಡೆದ 6 ತಿಂಗಳೊಳಗೆ ಸಲ್ಲಿಸಬೇಕೆಂಬುದು 166ನೇ ಪ್ರಕರಣದ ನಿಯಮ. ಗಾಯಾಳು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೂ ಅದನ್ನು ಸಲ್ಲಿಸಬಹುದು. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಆಸ್ಪತ್ರೆಯು ಮುಚ್ಚಳಿಕೆ ಕೇಳಿದಲ್ಲಿ ಅದರ ಪ್ರತಿಯೊಂದನ್ನು ಪಡೆದು, ಸಹಿ ಮಾಡುವ ಮೊದಲು ಅಲ್ಲಿಯೇ ತೋರಿಸಬಹುದು.