‘ಮಾಲಿಪಾಟೀಲ’: ಒಂದು ವಿರಳ ಅಡ್ಡಹೆಸರಿನ ಮೂಲ ಮತ್ತು ಹರಹು

ಮಸ್ಕಿಯ ಬಂಡೆಯ ಮೇಲಿನ ಶಾಸನವು 1915ರಲ್ಲಿ ಬೆಳಕಿಗೆ ಬರುವವರೆಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳನ್ನು ಧರಿಸಿದ ಅರಸನು ಯಾರೆಂಬುದಕ್ಕೆ ಶಾಸನದ ನೇರ ಆಧಾರವಿರಲಿಲ್ಲ. ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಹೇಳಿದ, ಮೊದಲು ದೊರೆತ ಶಾಸನವದು. ಅದೇ ಮಣ್ಣಿನಲ್ಲಿ ಇಂದು ಹೆಸರುಗಳನ್ನು ಅಭ್ಯಾಸ ಮಾಡುವವನಿಗೆ ಎದುರಾಗುವುದು ಇದರ ವಿಲೋಮ ಸ್ಥಿತಿ. ಇಲ್ಲಿ ಹೆಸರು ಕಣ್ಣೆದುರಿಗಿದೆ. ಆ ಹೆಸರು ಯಾವ ಹುದ್ದೆಯಿಂದ ಬಂದಿತೋ ಅದರ ನೆನಪು ಅಳಿಯುತ್ತಿದೆ. ಸಿಂಧನೂರು, ಲಿಂಗಸುಗೂರು ಹಾಗೂ ಈಚೆಗೆ ತಾಲ್ಲೂಕು ಕೇಂದ್ರವಾದ ಮಸ್ಕಿಯ ಪರಿಸರದಲ್ಲಿ ಊರಿಗೊಂದೆರಡು ಮನೆಗಳಲ್ಲಿ ಮಾತ್ರ ಕಂಡುಬರುವ ‘ಮಾಲಿಪಾಟೀಲ’ ಎಂಬ ಅಡ್ಡಹೆಸರು ಅಂಥದ್ದು. ಅದರ ಮೂಲವನ್ನೂ ಹರಹನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಅಡ್ಡಹೆಸರು’ ಎಂಬ ಮಾತನ್ನು ಇಲ್ಲಿ ಉತ್ತರ ಕರ್ನಾಟಕದ ಅರ್ಥದಲ್ಲಿ ಬಳಸಲಾಗಿದೆ. ಹಳೆಯ ಮೈಸೂರಿನ ಕಡೆ ಈ ಮಾತಿಗೆ ತಮಾಷೆಗಾಗಿ ಇಟ್ಟ ಹೆಸರು ಎಂಬ ಭಾವವಿದೆ. ಕೃಷ್ಣಾ ತೀರದಲ್ಲಿ ಅದು ಮನೆತನವನ್ನು ಸೂಚಿಸುವ ಗೌರವದ ಹೆಸರು. ಶಂಬಾ ಜೋಶಿಯವರು ಸ್ಥಳನಾಮಗಳನ್ನು ಚರಿತ್ರೆಯ ಸಾಕ್ಷ್ಯವಾಗಿ ಓದುವ ದಾರಿಯನ್ನು ತೋರಿಸಿದರು; ಎಂ. ಎಂ. ಕಲಬುರ್ಗಿಯವರು ನಾಮವಿಜ್ಞಾನಕ್ಕೆ ಕನ್ನಡದಲ್ಲಿ ಶಾಸ್ತ್ರದ ನೆಲೆಯನ್ನು ಒದಗಿಸಿದರು. ಆದರೆ ಅಡ್ಡಹೆಸರುಗಳ ಭೌಗೋಳಿಕ ಹರಹಿನ ಅಧ್ಯಯನವು ಸ್ಥಳನಾಮಗಳ ಅಧ್ಯಯನದಷ್ಟು ಬೆಳೆದಿಲ್ಲವೆಂದೇ ಹೇಳಬೇಕು.

ಈ ಭಾಗದ ಅಡ್ಡಹೆಸರುಗಳಲ್ಲಿ ಬಹುಪಾಲು ವ್ಯಾಕರಣದ ದೃಷ್ಟಿಯಿಂದ ಅಪೂರ್ಣ ಪದಗಳು. ಬೆಲ್ಲದ, ಹಡಪದ, ಬೇವಿನಮರದ, ಬಡಿಗೇರ, ಗೌಡರ ಎಂಬವೆಲ್ಲ ಷಷ್ಠೀ ವಿಭಕ್ತಿಯಲ್ಲಿ ನಿಂತಿವೆ. ಅವುಗಳ ಮುಂದೆ ‘ಮನೆ’ ಅಥವಾ ‘ಮನೆಯವರು’ ಎಂಬ ಪದವನ್ನು ಕೇಳುವವನೇ ತುಂಬಿಕೊಳ್ಳಬೇಕು. ಹೊಸಮನಿ, ಹಳೇಮನಿ, ಕಟ್ಟೀಮನಿ, ಹಿರೇಮಠ ಮುಂತಾದವುಗಳಲ್ಲಿ ಆ ಪದವು ಪ್ರಕಟವಾಗಿಯೇ ಉಳಿದಿದೆ. ಹೀಗಾಗಿ ಇಲ್ಲಿಯ ಅಡ್ಡಹೆಸರು ಮೂಲತಃ ‘ನೀನು ಯಾರ ಮಗ’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರವಲ್ಲ, ‘ಯಾರ ಮನೆಯವನು’ ಎಂಬುದಕ್ಕೆ ಕೊಟ್ಟ ಉತ್ತರ. ಮಗ ಯಾರೆಂಬುದನ್ನು ದಾಖಲೆಯು ಬೇರೆಯಾಗಿಯೇ ಹೇಳುತ್ತದೆ. ಹಳೆಯ ಮೈಸೂರಿನ ಕಾಗದಪತ್ರಗಳಲ್ಲಿ ‘ಬಿನ್’ ಎಂದಿರುವಲ್ಲಿ ರಾಯಚೂರಿನ ಕಡೆ ‘ತಂದೆ’ ಎಂದಿರುತ್ತದೆ: ಬಸಪ್ಪ ತಂದೆ ಮಲ್ಲಪ್ಪ, ಸಾ|| ಇಂಥ ಊರು. ಇಲ್ಲಿನ ‘ಸಾ||’ ಎಂಬುದು ನಿವಾಸಿ ಎಂಬ ಅರ್ಥದ ‘ಸಾಕಿನ್’ ಎಂಬ ಪದದ ಸಂಕ್ಷಿಪ್ತ ರೂಪ. ಕುಲಸಂಬಂಧವನ್ನು ನಿರ್ಣಯಿಸುವುದಂತೂ ಬೆಡಗು. ಹೆಣ್ಣು ಗಂಡು ನೋಡುವಾಗ ಹಿರಿಯರು ಕೇಳುವುದು ಬೆಡಗನ್ನೇ ಹೊರತು ಅಡ್ಡಹೆಸರನ್ನಲ್ಲ.

ಊರಿನಿಂದ ಬಂದ ಅಡ್ಡಹೆಸರುಗಳ ಹರಹಂತೂ ಹೊರಗಿನ ಸಂಶೋಧಕನನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಸಿಂಧನೂರಿನಲ್ಲಿಯೇ ನೆಲೆಸಿರುವವನನ್ನು ‘ಸಿಂಧನೂರ’ ಎಂದು ಗುರುತಿಸಿ ಪ್ರಯೋಜನವಿಲ್ಲ. ಅಲ್ಲಿ ಎಲ್ಲರೂ ಸಿಂಧನೂರಿನವರೇ. ಆ ಹೆಸರು ಹುಟ್ಟುವುದು ಊರು ಬಿಟ್ಟ ಮೇಲೆ, ಇನ್ನೊಂದು ಊರಿನ ಬಾಯಲ್ಲಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಈ ಮೂರು ಕ್ಷೇತ್ರಗಳಿಂದ ಆಯ್ಕೆಯಾದವರ ಹೆಸರುಗಳನ್ನೇ ನೋಡಬಹುದು: ಸಿಂಧನೂರಿನಿಂದ ಹಂಪನಗೌಡ ಬಾದರ್ಲಿ, ಮಸ್ಕಿಯಿಂದ ಬಸನಗೌಡ ತುರ್ವಿಹಾಳ, ಲಿಂಗಸುಗೂರಿನಿಂದ ಮಾನಪ್ಪ ವಜ್ಜಲ. ಬಾದರ್ಲಿ, ತುರ್ವಿಹಾಳ ಸಿಂಧನೂರು ಸೀಮೆಯ ಊರುಗಳು. ವಜ್ಜಲ ಕೃಷ್ಣೆಯಾಚೆಯ ಸುರಪುರ ಸೀಮೆಯದು. ಮೂವರ ಹೆಸರೂ ಊರಿನ ಹೆಸರೇ. ಆದುದರಿಂದ ಇಂಥ ಹೆಸರು ಎಲ್ಲಿ ದಟ್ಟವಾಗಿದೆಯೋ ಅಲ್ಲಿಯೇ ಅದರ ಮೂಲವಿದೆ ಎಂದು ಊಹಿಸುವುದು ಸಲ್ಲದು. ಮೂಲದಲ್ಲಿ ಅದು ಇಲ್ಲದಿರುವುದೇ ಸಹಜ.

ಐರ್ಲೆಂಡಿನ ಕುಲನಾಮಗಳ ಅಧ್ಯಯನದಲ್ಲಿ ಸಾಮಾನ್ಯವಾಗಿ ಅನುಸರಿಸುವ ವಿಧಾನ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿಯ ಗೇಲಿಕ್ ಹೆಸರುಗಳ ಮೊದಲಲ್ಲಿ ಬರುವ ‘ಓ’ ಮೊಮ್ಮಗನನ್ನೂ ವಂಶಜನನ್ನೂ, ‘ಮ್ಯಾಕ್’ ಮಗನನ್ನೂ ಸೂಚಿಸುತ್ತವೆ. ಹೆಸರು ವಂಶದ್ದು, ವಂಶಕ್ಕೊಂದು ನೆಲೆ ಇತ್ತು. ಆದ್ದರಿಂದ 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಕಂದಾಯ ಮೌಲ್ಯಮಾಪನದ ಪಟ್ಟಿಗಳಲ್ಲಿ ಒಂದು ವಿರಳವಾದ ಹೆಸರು ಯಾವ ಹೋಬಳಿಯಲ್ಲಿ ಗುಂಪುಗೂಡಿದೆ ಎಂಬುದನ್ನು ಗುರುತಿಸಿದರೆ, ಆ ವಂಶದ ಮೂಲನೆಲೆಯ ಸುಳಿವು ಬಹುಮಟ್ಟಿಗೆ ಸಿಗುತ್ತದೆ. ಆ ವಿಧಾನವನ್ನು ಹಾಗೆಯೇ ರಾಯಚೂರಿಗೆ ತಂದರೆ ಸಿಗುವುದು ಮೂಲನೆಲೆಯಲ್ಲ, ವಲಸೆಯ ತಂಗುದಾಣ. ಮುದಗಲ್ಲಿನ ಉದಾಹರಣೆ ಇನ್ನೂ ಎಚ್ಚರಿಸುವಂಥದ್ದು. ಉತ್ತರ ಭಾರತದ ‘ಮುದ್ಗಲ್’ ಎಂಬ ಹೆಸರು ಮೌದ್ಗಲ್ಯ ಗೋತ್ರದಿಂದ ಬಂದುದು. ಲಿಂಗಸುಗೂರು ತಾಲ್ಲೂಕಿನ ಕೋಟೆಯ ಊರಿಗೂ ಅದಕ್ಕೂ ಸಂಬಂಧವಿಲ್ಲ. ಅಕ್ಷರಸಾಮ್ಯವನ್ನು ನೆಚ್ಚಿ ನಕ್ಷೆ ಬರೆಯುವವರು ಇವೆರಡನ್ನೂ ಒಂದೇ ಬಣ್ಣದಲ್ಲಿ ತುಂಬಿಬಿಡುವ ಸಂಭವವಿದೆ.

‘ಮಾಲಿಪಾಟೀಲ’ ಎಂಬುದು ಊರಿನ ಹೆಸರೂ ಅಲ್ಲ, ವಂಶದ ಹೆಸರೂ ಅಲ್ಲ, ಹುದ್ದೆಯ ಹೆಸರು. ಮೊದಲು ಕೇಳಿದವರು ‘ಮಾಲಿ’ ಎಂದರೆ ಹೂದೋಟದವನೆಂದು ತಿಳಿಯುವುದುಂಟು. ಮರಾಠಿ ಸೀಮೆಯಲ್ಲಿ ತೋಟಗಾರಿಕೆಯ ಮಾಳಿ ಸಮುದಾಯವು ದೊಡ್ಡದಾಗಿರುವುದರಿಂದ ಈ ಊಹೆಗೆ ಬಲವೂ ಬರುತ್ತದೆ. ಆದರೆ ಇಲ್ಲಿಯ ‘ಮಾಲಿ’ಯು ಸಂಪತ್ತು, ಕಂದಾಯ ಎಂಬ ಅರ್ಥಗಳುಳ್ಳ ‘ಮಾಲ್’ ಎಂಬ ಅರಬ್ಬೀ ಪದದ ವಿಶೇಷಣ ರೂಪ; ಫಾರಸಿ ಮತ್ತು ಉರ್ದುವಿನ ಮೂಲಕ ಬಂದುದು. ‘ಮಾಲಗುಜಾರಿ’ ಎಂಬಲ್ಲಿಯೂ ಅದೇ ‘ಮಾಲ್’ ಇದೆ. ‘ಪಾಟೀಲ’ವು ಮರಾಠಿಯ ಮಾತು, ಮಧ್ಯಯುಗದ ತಾಮ್ರಪಟಗಳಲ್ಲಿ ಬರುವ ‘ಪಟ್ಟಕಿಲ’ ಎಂಬ ರೂಪದಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಅರಬ್ಬೀ ಮತ್ತು ಮರಾಠಿ ಪದಗಳು ಕೂಡಿ, ಗಾವುಂಡ ಎಂಬ ಹಳೆಯ ಕನ್ನಡ ಪದವಿಯಿದ್ದ ಮನೆಗೆ ಹೆಸರಾಗಿ ಅಂಟಿಕೊಂಡಿವೆ.

ಇದರ ಹಿನ್ನೆಲೆ ನಿಜಾಮ ಸಂಸ್ಥಾನದ ಆಡಳಿತ. ಕೃಷ್ಣಾ-ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ ಪ್ರದೇಶವು 1853ರ ಒಪ್ಪಂದದಿಂದ ಬ್ರಿಟಿಷರ ವಶಕ್ಕೆ ಹೋಗಿ, 1860ರಲ್ಲಿ ನಿಜಾಮನಿಗೆ ಮರಳಿತು. 1853ರಿಂದ 1883ರವರೆಗೆ ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗನು ಕಂದಾಯ ಗುತ್ತಿಗೆಯ ಪದ್ಧತಿಯನ್ನು ಕಳೆದು, 1865ರ ಜಿಲ್ಲಾ ಬಂದೋಬಸ್ತಿನ ಮೂಲಕ ಜಿಲ್ಲೆ, ತಾಲ್ಲೂಕುಗಳ ವ್ಯವಸ್ಥೆಯನ್ನು ನೆಲೆಗೊಳಿಸಿದನು. ಲಿಂಗಸುಗೂರು ಆಗ ತಾನೇ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಆ ಜಿಲ್ಲೆ 1905ರಲ್ಲಿ ರದ್ದಾಯಿತು. ಈ ವ್ಯವಸ್ಥೆಯ ಕೆಳತುದಿಯಲ್ಲಿ ಊರಿಗೆ ಮೂವರು ವಂಶಪಾರಂಪರ್ಯ ಅಧಿಕಾರಿಗಳಿದ್ದರು. ಕಂದಾಯ ವಸೂಲಿಗೆ ಮಾಲಿ ಪಾಟೀಲ, ಕಾವಲು ಮತ್ತು ಅಪರಾಧಗಳ ವರದಿಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಪಟವಾರಿ. ತಳವಾರ, ವಾಲೀಕಾರರು ಇವರ ಕೈಕೆಳಗಿನವರು. ‘ಪೊಲೀಸಪಾಟೀಲ’, ‘ಪಟವಾರಿ’ ಎಂಬವೂ ಅಡ್ಡಹೆಸರುಗಳಾಗಿ ಇಂದಿಗೂ ಉಳಿದಿವೆ. ಗೌಡಿಕೆಯ ಒಂದೇ ಮನೆತನದ ಎರಡು ಕವಲುಗಳಿಗೆ ಈ ಎರಡು ಹುದ್ದೆಗಳು ಹಂಚಿಹೋದಲ್ಲಿ, ಅಣ್ಣನ ಸಂತತಿಯವರು ಮಾಲಿಪಾಟೀಲರು, ತಮ್ಮನ ಸಂತತಿಯವರು ಪೊಲೀಸಪಾಟೀಲರು ಆಗಿರುವುದುಂಟು. ಬೆಡಗು ಒಂದೇ, ಅಡ್ಡಹೆಸರು ಬೇರೆ. ಇದಕ್ಕೆ ಪ್ರತಿಯಾಗಿ, ಎರಡು ಊರುಗಳ ಮಾಲಿಪಾಟೀಲರು ಪರಸ್ಪರ ಬೀಗರಾಗುವುದಕ್ಕೂ ಅಡ್ಡಿಯಿಲ್ಲ. ಹೆಸರಿನ ಸಮಾನತೆಯು ರಕ್ತದ ಸಮಾನತೆಯಲ್ಲವೆಂಬುದು ಆ ಮದುವೆಗಳಿಂದಲೇ ಸ್ಪಷ್ಟ.

ಊರಿನೊಳಗೆ ಈ ಹೆಸರನ್ನು ಯಾರೂ ಇಡಿಯಾಗಿ ಉಚ್ಚರಿಸುವುದಿಲ್ಲ. ಅಲ್ಲಿ ಅವರು ‘ಮಾಲಿಗೌಡ್ರು’. ಇನ್ನೊಂದು ಮನೆಯವರು ‘ಪೊಲೀಸಗೌಡ್ರು’. ಜಾನಪದ ವಿದ್ಯಾರ್ಥಿಗೆ ಇದು ಮುಖ್ಯವಾದ ಸಂಗತಿ, ಏಕೆಂದರೆ ಹುದ್ದೆಯ ವಿಂಗಡಣೆಯು ಕಾಗದದಲ್ಲಿ ಅಳಿದ ಮೇಲೂ ಆಚರಣೆಗಳ ಮಾನದಲ್ಲಿ ಉಳಿದುಕೊಂಡಿರುತ್ತದೆ. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವಾಗ ಯಾರ ಎತ್ತು ಮುಂದೆ, ಜಾತ್ರೆಯಲ್ಲಿ ಮೊದಲ ಕಾಯಿ ಯಾರದು, ಮೊಹರಮ್ಮಿಗೆ ಅಲಾಯಿ ಕುಣಿ ತೆಗೆಯುವಾಗ ಯಾರ ಮನೆಗೆ ಮುಂಚಿತವಾಗಿ ತಿಳಿಸಬೇಕು ಎಂಬ ವಿಚಾರಗಳಲ್ಲಿ ಎರಡು ಗೌಡಿಕೆಗಳ ಸರದಿಯನ್ನು ಊರವರು ಲೆಕ್ಕವಿಟ್ಟು ನಡೆಸುತ್ತಾರೆ. ಸರದಿ ತಪ್ಪಿದರೆ ಜಗಳವಾಗುವುದೂ ಉಂಟು. ‘ಮಾಲಿಪಾಟೀಲ’ ಎಂಬ ಪೂರ್ಣರೂಪವು ಶಾಲೆಯ ದಾಖಲಾತಿಯಲ್ಲಿ, ಪಹಣಿಯಲ್ಲಿ, ಲಗ್ನಪತ್ರಿಕೆಯಲ್ಲಿ ಮಾತ್ರ ಬರುತ್ತದೆ. ಎಂದರೆ ಈ ಹೆಸರಿಗೂ ಊರಿನಿಂದ ಬಂದ ಹೆಸರಿನ ನಿಯಮವೇ ಒಂದಿಷ್ಟು ಅನ್ವಯಿಸುತ್ತದೆ: ಅದನ್ನು ಪೂರ್ಣವಾಗಿ ಕೇಳುವುದು ಹೊರಗಿನವರು.

ಹರಹಿನ ವಿಚಾರಕ್ಕೆ ಬಂದರೆ, ಈ ಹೆಸರಿನ ವಿರಳತೆಗೂ ವ್ಯಾಪಕತೆಗೂ ಕಾರಣ ಒಂದೇ. ಊರಿಗೊಂದೇ ಹುದ್ದೆ ಇದ್ದುದರಿಂದ ಅದು ಎಲ್ಲಿಯೂ ಗುಂಪುಗೂಡದು. ಪ್ರತಿ ಊರಿಗೂ ಆ ಹುದ್ದೆ ಇದ್ದುದರಿಂದ ಅದು ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ ಸೀಮೆಗಳಲ್ಲಿ ತೆಳುವಾಗಿ ಹರಡಿದೆ. ಹರಹಿನ ಅಂಚುಗಳು ಹೆಚ್ಚು ಕುತೂಹಲಕರ. ಮುದಗಲ್ಲಿನಿಂದ ಪಶ್ಚಿಮಕ್ಕೆ ಇಳಕಲ್ಲಿನ ಕಡೆ ಸಾಗಿದರೆ ಮುಂಬಯಿ ಪ್ರಾಂತದ ಹಳೆಯ ಗಡಿಯನ್ನು ದಾಟುತ್ತೇವೆ. ಅಲ್ಲಿ ಪಾಟೀಲ, ಗೌಡರ, ದೇಸಾಯಿ, ಕುಲಕರ್ಣಿ ಎಂಬ ಹೆಸರುಗಳು ಹೇರಳ. ಮುಂಬಯಿ ಕಾಯದೆಯಲ್ಲಿ ಪೊಲೀಸ್ ಪಾಟೀಲನ ಹುದ್ದೆ ಇದ್ದುದರಿಂದ ಆ ಪದವೂ ಅಪರಿಚಿತವಲ್ಲ. ‘ಮಾಲಿ’ ಎಂಬ ವಿಶೇಷಣ ಮಾತ್ರ ನಿಜಾಮ ಸೀಮೆಯ ಗುರುತು. ಸಿಂಧನೂರಿನಿಂದ ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿ ಸಿರುಗುಪ್ಪದ ಕಡೆ ಹೋದರೆ ಅದು ಹಿಂದಿನ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ; ಅಲ್ಲಿ ಊರಿನ ಲೆಕ್ಕಿಗನು ಕರಣಂ. ಮೂರು ಸರಕಾರಗಳ ಎಲ್ಲೆಗಳು 1956ರ ನವೆಂಬರ್ 1ರಂದು ನಕ್ಷೆಯಿಂದ ಅಳಿದವು. ಅಡ್ಡಹೆಸರುಗಳ ನಕ್ಷೆಯಲ್ಲಿ ಅವು ಈಗಲೂ ಕಾಣುತ್ತವೆ.

ಪೂರ್ವದ ಅಂಚಿನ ಸ್ಥಿತಿ ಬೇರೆ. ತೆಲಂಗಾಣದ ಹಳ್ಳಿಗಳಲ್ಲಿಯೂ ಮಾಲಿ ಪಟೇಲ, ಪೊಲೀಸ್ ಪಟೇಲರಿದ್ದರು. ಹುದ್ದೆ ಒಂದೇ, ಸರಕಾರವೂ ಒಂದೇ. ಆದರೆ ತೆಲುಗರಿಗೆ ವ್ಯಕ್ತಿಯ ಹೆಸರಿಗಿಂತ ಮುಂಚೆ ನಿಲ್ಲುವ ‘ಇಂಟಿಪೇರು’ ಮೊದಲೇ ಇತ್ತು. ಹೆಸರಿನ ಕೊನೆಯಲ್ಲಿ ಹುದ್ದೆಯನ್ನು ಸೇರಿಸಿಕೊಳ್ಳಬೇಕಾದ ಅಗತ್ಯ ಅವರಿಗೆ ಬೀಳಲಿಲ್ಲವೆಂದು ತೋರುತ್ತದೆ. ಕನ್ನಡ ಸೀಮೆಯಲ್ಲಿ ಆ ಕೊನೆಯ ಸ್ಥಾನ ತೆರವಾಗಿತ್ತು. ಈ ವ್ಯತ್ಯಾಸವನ್ನು ಸಿಂಧನೂರಿನಲ್ಲಿಯೇ ನೋಡಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರ ಇಂಟಿಪೇರು ಹೆಸರಿನ ಮುಂದಿನ ಒಂದಕ್ಷರವಾಗಿ ನಿಲ್ಲುತ್ತದೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಲ್ಲಿ ಮಂಡಲ್, ಬಿಸ್ವಾಸ್, ಸರ್ಕಾರ್ ಮುಂತಾದ ಹೆಸರುಗಳು ಕೊನೆಗೆ ಬರುತ್ತವೆ. ಹೆಸರು ಕಟ್ಟುವ ಮೂರು ಕ್ರಮಗಳು ಒಂದೇ ತಾಲ್ಲೂಕಿನ ಮತದಾರರ ಯಾದಿಯಲ್ಲಿ ಕೂಡಿವೆ.

ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಿತು. ಅಂದಿನಿಂದ ಹುದ್ದೆಯಿಲ್ಲ, ಹೆಸರಿದೆ. ಹುದ್ದೆಯನ್ನು ಕಂಡ ತಲೆಮಾರು ಬಹುಮಟ್ಟಿಗೆ ಮುಗಿಯಿತು. ಈಗ ಅರ್ಜಿ ನಮೂನೆಗಳಲ್ಲಿ ಹೆಸರನ್ನು ಮೊದಲು, ನಡು, ಕೊನೆ ಎಂದು ಕತ್ತರಿಸಿ ತುಂಬುವಾಗ ‘ಮಾಲಿ’ಯು ನಡುವಿನ ಕೋಣೆಗೂ ‘ಪಾಟೀಲ’ವು ಕೊನೆಯ ಕೋಣೆಗೂ ಹಂಚಿಹೋಗಬಹುದು, ಉದ್ದವಾಯಿತೆಂದು ‘ಮಾಲಿ’ಯನ್ನೇ ಬಿಡಲೂಬಹುದು. ಬಿಟ್ಟರೆ ಆ ಮನೆತನವು ನಾಡಿನ ಸಾವಿರಾರು ಪಾಟೀಲರಲ್ಲಿ ಕರಗುತ್ತದೆ. ಕತ್ತರಿಸಿದರೆ ‘ಮಾಲಿ’ ಎಂಬುದು ಜಾತಿಯ ಹೆಸರೆಂದು ಓದಿಸಿಕೊಳ್ಳುವ ಅಪಾಯವಿದೆ. ಜಾತಿ ಪ್ರಮಾಣಪತ್ರಗಳನ್ನು ಹಳೆಯ ದಾಖಲೆಗಳೊಡನೆ ತಾಳೆ ನೋಡುವ ಈ ಕಾಲದಲ್ಲಿ ಅದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿದ್ದು ಫಸಲಿ ವರ್ಷವನ್ನು ನಮೂದಿಸಿರುವುದರಿಂದ, ಅವುಗಳನ್ನು ಓದಿ ಹೇಳಬಲ್ಲವರೂ ಕಡಿಮೆಯಾಗುತ್ತಿದ್ದಾರೆ.

ಕ್ಷೇತ್ರಕಾರ್ಯಕ್ಕೆ ಹೋಗುವವರು ಅಡ್ಡಹೆಸರನ್ನು ಬರೆದುಕೊಳ್ಳುವಾಗ ಅದರೊಡನೆ ಬೆಡಗನ್ನೂ, ಮನೆತನವು ಯಾವ ಊರಿನ ಗೌಡಿಕೆಯದೆಂಬುದನ್ನೂ, ಅದೇ ಊರಿನ ಪೊಲೀಸಗೌಡಿಕೆ ಯಾವ ಮನೆಯಲ್ಲಿತ್ತೆಂಬುದನ್ನೂ ಕೇಳಿ ಗುರುತಿಸಬೇಕು. ಊರಲ್ಲಿ ಕರೆಯುವ ರೂಪವನ್ನೂ ದಾಖಲೆಯ ರೂಪವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಮಾಲಿಪಾಟೀಲ, ಮಾಲೀಪಾಟೀಲ, ಮಾಲಿ ಪಾಟೀಲ್, ಮಾಲಿಗೌಡ ಎಂಬ ರೂಪಗಳನ್ನು ಯಾದಿಯಲ್ಲಿ ತಿದ್ದಿ ಒಂದಾಗಿಸದೆ, ಸಿಕ್ಕಂತೆಯೇ ಊರಿನ ಹೆಸರಿನೊಡನೆ ಇಡತಕ್ಕದ್ದು.