‘ಲೇಬರ್ಡ್’ ಅಂದ್ರೆ ಹೊಗಳಿಕೆಯಲ್ಲ!

ಪ್ರಶ್ನೆಪತ್ರಿಕೆಯಲ್ಲಿ ‘ಎಲಾಬರೇಟ್’ ಅಂತ ಕಂಡರೆ ಸಾಕು, ನಾವು ಎಂಜಿನಿಯರಿಂಗ್‌ನವರು ಪುಟಗಟ್ಟಲೆ ತುಂಬಿಸುತ್ತೇವೆ. ವಾರದಲ್ಲಿ ಒಂದೆರಡು ಮಧ್ಯಾಹ್ನ ‘ಲ್ಯಾಬ್’ನಲ್ಲೇ ಕಳೆಯುತ್ತವೆ. ಈ ಎರಡೂ ಪದಗಳ ಬೇರು ಒಂದೇ: ಲ್ಯಾಟಿನ್ನಿನ ‘ಲಬೋರ್’. ಅಂದರೆ ದುಡಿಮೆ, ಶ್ರಮ. ಅದೇ ಮನೆತನದ ಇನ್ನೊಂದು ಕುಡಿ ‘ಲೇಬರ್ಡ್’. ಪ್ಲೇಸ್‌ಮೆಂಟ್‌ಗೆ ತಯಾರಾಗುವವರು ಈ ಪದವನ್ನು ತಿಳಿದಿರಲೇಬೇಕು. ನೋಡಲು ಹೊಗಳಿಕೆಯಂತಿದ್ದರೂ ಇದು ಟೀಕೆ.

ಕಾಲೇಜಿನ ಅಣಕು ಸಂದರ್ಶನದ ನಂತರ ನನ್ನ ರೂಮ್‌ಮೇಟ್‌ಗೆ ಸಿಕ್ಕ ಹಾಳೆಯಲ್ಲಿ ‘ಲೇಬರ್ಡ್ ಇಂಗ್ಲಿಷ್’ ಎಂದಿತ್ತು. ಲೇಬರ್ ಅಂದರೆ ಶ್ರಮ ತಾನೆ, ತನ್ನ ಪರಿಶ್ರಮ ಮೆಚ್ಚಿದ್ದಾರೆ ಅಂತ ಅವನು ಖುಷಿಪಟ್ಟ. ಪರಿಶ್ರಮಿಗೆ ‘ಹಾರ್ಡ್‌ವರ್ಕಿಂಗ್’ ಎನ್ನುತ್ತಾರೆ. ತುಂಬಾ ಹೊತ್ತು, ತುಂಬಾ ದುಡಿಮೆ ಬೇಡುವ ಕೆಲಸ ‘ಲಬೋರಿಯಸ್’. ಸಾವಿರ ಸಾಲಿನ ಕೋಡ್‌ನಲ್ಲಿ ಒಂದು ತಪ್ಪು ಹುಡುಕುವುದು ಅಂಥದ್ದು. ಪಟ್ಟ ಪಾಡೆಲ್ಲ ಎದ್ದು ಕಂಡು, ಸಹಜತೆಯೇ ಮಾಯವಾಗಿದ್ದರೆ ಅದು ‘ಲೇಬರ್ಡ್’.

ವೈದ್ಯರು ‘ಲೇಬರ್ಡ್ ಬ್ರೀದಿಂಗ್’ ಎನ್ನುವುದನ್ನು ಕೇಳಿರುತ್ತೀರಿ. ಉಸಿರಾಟ ನಮಗೇ ಗೊತ್ತಾಗದಂತೆ ನಡೆಯಬೇಕಾದ ಕೆಲಸ. ಅದಕ್ಕಾಗಿ ಎದೆ, ಕತ್ತಿನ ಸ್ನಾಯುಗಳು ಒದ್ದಾಡುವುದು ಹೊರಗಿನವರಿಗೂ ಕಂಡರೆ ಏನೋ ತೊಂದರೆಯಿದೆ ಎಂದರ್ಥ. ಮಾತು, ಬರಹ, ಜೋಕ್‌ಗೂ ಇದೇ ಲೆಕ್ಕ. ಐದು ನಿಮಿಷ ವಿವರಿಸಿ ನಗಿಸಲು ಹೊರಟ ಜೋಕ್ ಲೇಬರ್ಡ್ ಅಲ್ಲದೆ ಇನ್ನೇನು? ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ‘ತಿಣುಕು’. ಕುಮಾರವ್ಯಾಸ ಆದಿಶೇಷನನ್ನೇ ತಿಣುಕಿಸಿದ್ದಾನೆ. ಇನ್ನು ನಾವ್ಯಾವ ಲೆಕ್ಕ!

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಂಥವರಿಗೆ ಈ ಪದ ಚುಚ್ಚುತ್ತದೆ. ಆದರೆ ನಿಧಾನವಾಗಿ ಮಾತಾಡುವುದು, ನಡುವೆ ಯೋಚಿಸುವುದು ಲೇಬರ್ಡ್ ಅಲ್ಲ. ಊರಿನ ಉಚ್ಚಾರಣೆಯೂ ಅಲ್ಲ. ನಮ್ಮದಲ್ಲದ ದೊಡ್ಡ ಪದಗಳನ್ನು ಹೊತ್ತುಕೊಂಡು ನಡೆಯುವುದು ಲೇಬರ್ಡ್. ರೂಮ್‌ಮೇಟ್ ಬಾಯಿಪಾಠ ಮಾಡಿದ್ದ ಪರಿಚಯ ‘ಹೈಲಿ ಪ್ಯಾಷನೇಟ್’, ‘ರಿಸಲ್ಟ್ ಓರಿಯೆಂಟೆಡ್’ ಎಂದು ಸಾಗುತ್ತಿತ್ತು. ಒಂದು ಪದ ಮರೆತರೆ ಮುಂದಿನದೆಲ್ಲ ಢಮಾರ್. ಹಾಸ್ಟೆಲ್‌ನಲ್ಲಿ ಕೂತು ಅದನ್ನು ಮೂರು ಸಣ್ಣ ವಾಕ್ಯಕ್ಕೆ ಇಳಿಸಿದೆವು: ಅಪ್ಪ ರೇಷ್ಮೆ ಬೆಳೆಗಾರರು. ಹುಳು ಸಾಕುವ ಮನೆಗೆ ಹದವಾದ ಉಷ್ಣಾಂಶ, ತೇವಾಂಶ ಬೇಕು. ಅದನ್ನು ಮೊಬೈಲ್‌ಗೆ ತಿಳಿಸುವ ಸಾಧನ ಮಾಡುತ್ತಿದ್ದೇನೆ. ಮುಂದಿನ ಅಣಕು ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಆ ಸಾಧನದ ಬಗ್ಗೆ ಬಂತು. ಅವನು ಹತ್ತು ನಿಮಿಷ ಮಾತಾಡಿದ. ವ್ಯಾಕರಣ ಒಂದೆರಡು ಕಡೆ ಎಡವಿತು, ಮಾತು ನಿಲ್ಲಲಿಲ್ಲ.

ಹಾಗಂತ ಶ್ರಮ ಬೇಡವೆಂದಲ್ಲ. ಆ ಮೂರು ವಾಕ್ಯಕ್ಕೆ ನಮಗೆ ಎರಡು ಸಂಜೆ ಹಿಡಿದವು. ನಿಮ್ಮ ರೆಸ್ಯೂಮೆಯ ಮೊದಲ ಸಾಲುಗಳನ್ನೂ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಎಲ್ಲಿ ಏದುಸಿರು ಬರುತ್ತದೋ ಅಲ್ಲಿಂದಲೇ ತಿದ್ದಲು ಶುರು ಮಾಡಿ.